ಸೋತವರ ಸಮ್ಮತಿಯೇ ಪಕ್ಷದ ಒಗ್ಗಟ್ಟು

ನಾಲ್ಕು ವರ್ಷಗಳಿಗೊಮ್ಮೆ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಎರಡು ದೊಡ್ಡ ಪಕ್ಷಗಳ ಮಹಾಧಿವೇಶನಗಳು ಕೂಡುತ್ತವೆ. ಸಂಸ್ಥಾನ ಸಂಸ್ಥಾನಗಳಿಂದ ಬಂದ ಸಾವಿರಾರು ಪ್ರತಿನಿಧಿಗಳು ನೆರೆದು, ರಾಷ್ಟ್ರಾಧ್ಯಕ್ಷ ಪದವಿಗೆ ತಮ್ಮ ಪಕ್ಷದ ಉಮೇದುವಾರರು ಯಾರೆಂಬುದನ್ನು ಗೊತ್ತುಪಡಿಸುತ್ತಾರೆ. ಕಡೆಯ ದಿನದ ವಾದ್ಯ, ಧ್ವಜ, ಜಯಘೋಷಗಳನ್ನು ಕಂಡವರಿಗೆ ಇಡೀ ಪಕ್ಷವು ಒಂದೇ ಮನಸ್ಸಿನದೆಂದು ತೋರದಿರದು. ಆದರೆ ಘೋಷವೇ ಒಗ್ಗಟ್ಟಲ್ಲ. ನಿನ್ನೆಯ ವರೆಗೆ ಒಬ್ಬರನ್ನೊಬ್ಬರು ಖಂಡಿಸುತ್ತಿದ್ದವರು ಇಂದು ಒಂದಾಗುವದು ಹೇಗೆ? ಗೆದ್ದವರ ಬಲದಿಂದಲೋ, ಸೋತವರ ಸಮ್ಮತಿಯಿಂದಲೋ? ಆ ದೇಶದ ಚರಿತ್ರೆಯನ್ನು ಪರಿಶೀಲಿಸಿದರೆ ಎರಡನೆಯದರಿಂದಲೇ ಎಂದು ಹೇಳಬೇಕಾಗುತ್ತದೆ. ಮತ್ತು ಆ ಸಮ್ಮತಿಯು ನ್ಯಾಯದ ಹೊರತು ಮತ್ತಾವುದಕ್ಕೂ ಒಲಿಯುವದಿಲ್ಲ.

ಮೊದಲು ಒಡಕಿನ ಉದಾಹರಣೆಯನ್ನೇ ನೋಡೋಣ. ೧೯೧೨ರ ಜೂನ್ ತಿಂಗಳಲ್ಲಿ ಶಿಕಾಗೋ ನಗರದಲ್ಲಿ ರಿಪಬ್ಲಿಕನ್ ಪಕ್ಷದ ಅಧಿವೇಶನವು ನೆರೆಯಿತು. ಅಧಿಕಾರದಲ್ಲಿದ್ದ ಅಧ್ಯಕ್ಷ ಟಾಫ್ಟರು ಒಂದು ಕಡೆ, ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಇನ್ನೊಂದು ಕಡೆ. ಮತದಾರರೇ ನೇರವಾಗಿ ಅಭಿಪ್ರಾಯ ಕೊಟ್ಟ ಪ್ರಾಥಮಿಕ ಚುನಾವಣೆಗಳಲ್ಲಿ ಹೆಚ್ಚಿನವು ರೂಸ್ವೆಲ್ಟರ ಪಾಲಾಗಿದ್ದವು. ಆದರೆ ತಕರಾರಿನಲ್ಲಿದ್ದ ಪ್ರತಿನಿಧಿ ಸ್ಥಾನಗಳಲ್ಲಿ ಬಹುತೇಕವನ್ನು ಪಕ್ಷದ ಸೂತ್ರಧಾರರು ಟಾಫ್ಟರ ಕಡೆಯವರಿಗೇ ಒಪ್ಪಿಸಿದರು. ರೂಸ್ವೆಲ್ಟರ ಎಲ್ಲ ತಕರಾರುಗಳೂ ಸತ್ಯವಾಗಿದ್ದವೆಂದು ನಾವು ಹೇಳುವದಿಲ್ಲ. ಆದರೆ ಒಂದು ಕಕ್ಷಿಯವರೇ ನ್ಯಾಯಾಧೀಶರ ಪೀಠದಲ್ಲಿ ಕುಳಿತಾಗ ಅವರ ತೀರ್ಪು ಎಷ್ಟು ಸರಿಯಾಗಿದ್ದರೂ ಎದುರು ಕಕ್ಷಿಗೆ ರುಚಿಸದು. ಟಾಫ್ಟರು ಮೊದಲನೆಯ ಮತದಾನದಲ್ಲಿಯೇ ಗೆದ್ದರು; ೩೦೦ಕ್ಕೂ ಹೆಚ್ಚು ಪ್ರತಿನಿಧಿಗಳು ಮತವನ್ನೇ ಕೊಡದೆ ಕುಳಿತರು. ರೂಸ್ವೆಲ್ಟರು ಹೊರನಡೆದು ಹೊಸ ಪಕ್ಷವನ್ನು ಕಟ್ಟಿದರು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭವಾಯಿತು: ಜನರ ಮತಗಳಲ್ಲಿ ನೂರಕ್ಕೆ ಸುಮಾರು ೪೨ನ್ನು ಮಾತ್ರ ಪಡೆದ ಡೆಮೊಕ್ರಾಟಿಕ್ ಪಕ್ಷದ ವಿಲ್ಸನ್ನರು ೪೩೫ ನಿರ್ವಾಚಕ ಮತಗಳಿಂದ ಆರಿಸಿ ಬಂದರು. ಟಾಫ್ಟರಿಗೆ ದೊರೆತವು ಕೇವಲ ೮. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ನಮ್ಮ ಗಾದೆಯು ಅಂದು ಶಿಕಾಗೋದಲ್ಲಿ ನಿಜವಾಯಿತು.

ಹಾಗಾದರೆ ಒಡಕಿಗೆ ಹೆದರಿ ಸತ್ಯವನ್ನೇ ಅದುಮಿಟ್ಟರೆ ಐಕ್ಯವು ಬಂದೀತೇ? ೧೯೨೪ರಲ್ಲಿ ನ್ಯೂಯಾರ್ಕಿನಲ್ಲಿ ಕೂಡಿದ ಡೆಮೊಕ್ರಾಟಿಕ್ ಅಧಿವೇಶನವು ಇದನ್ನೂ ಮಾಡಿ ನೋಡಿತು. ವರ್ಣದ್ವೇಷ ಮತದ್ವೇಷಗಳನ್ನೇ ವ್ರತವಾಗಿಸಿಕೊಂಡಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತಸಂಘವನ್ನು ಹೆಸರೆತ್ತಿ ಖಂಡಿಸಬೇಕೆಂಬ ಠರಾವು, ಪಕ್ಷವು ಒಡೆದೀತೆಂಬ ಭಯದಿಂದ, ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು. ಆದರೂ ಐಕ್ಯವು ಬರಲಿಲ್ಲ. ಆಗ ಆ ಪಕ್ಷದಲ್ಲಿ ಉಮೇದುವಾರಿಕೆಗೆ ಮೂರರಲ್ಲಿ ಎರಡು ಪಾಲು ಮತಗಳು ಬೇಕೆಂಬ ನಿಯಮವಿತ್ತು. ಮ್ಯಾಕಡೂರವರ ಪಕ್ಷವೂ ಸ್ಮಿತ್ತರ ಪಕ್ಷವೂ ಹಟ ಬಿಡದೆ ಎರಡು ವಾರಗಳ ಕಾಲ ಸೆಣಸಿದವು. ೧೦೩ನೆಯ ಮತದಾನದಲ್ಲಿ, ಎಲ್ಲರೂ ದಣಿದ ಮೇಲೆ, ಜಾನ್ ಡೇವಿಸರೆಂಬ ವಕೀಲರ ಹೆಸರನ್ನು ಒಪ್ಪಿದರು. ಅದು ಸಮ್ಮತಿಯಲ್ಲ, ಆಯಾಸ. ನವೆಂಬರದಲ್ಲಿ ಡೇವಿಸರು ೧೩೬ ನಿರ್ವಾಚಕ ಮತಗಳನ್ನು ಪಡೆದು, ೩೮೨ನ್ನು ಪಡೆದ ಕೂಲಿಜರಿಗೆ ಸೋತರು. ಆ ಮೂರರಲ್ಲೆರಡರ ನಿಯಮವನ್ನು ಪಕ್ಷವು ೧೯೩೬ರಲ್ಲಿ ಕಿತ್ತುಹಾಕಿತು.

ಇನ್ನು ಒಂದಾದವರ ಕಥೆ. ೧೮೮೦ರಲ್ಲಿ ಅದೇ ಶಿಕಾಗೋದಲ್ಲಿ ರಿಪಬ್ಲಿಕನ್ನರು ಸೇನಾನಿ ಗ್ರಾಂಟರ ಮತ್ತು ಬ್ಲೇನರ ನಡುವೆ ಸಿಕ್ಕಿ ೩೫ ಸಲ ಮತ ಕೊಟ್ಟರೂ ಇತ್ಯರ್ಥವಾಗಲಿಲ್ಲ. ೩೬ನೆಯ ಸಲ ಗಾರ್ಫೀಲ್ಡರು ಆರಿಸಲ್ಪಟ್ಟರು. ಅವರು ಬಂದದ್ದು ಶರ್ಮನ್ನರೆಂಬ ಬೇರೊಬ್ಬರ ಪರವಾಗಿ ವಾದಿಸಲು! ಕಡೆಯ ವರೆಗೂ ಗ್ರಾಂಟರನ್ನು ಬಿಡದಿದ್ದ ೩೦೬ ಪ್ರತಿನಿಧಿಗಳ ನಾಯಕ ಕಾಂಕ್ಲಿಂಗರೇ ಎದ್ದು ನಿಂತು, ಈ ಆಯ್ಕೆಯು ಸರ್ವಾನುಮತದ್ದಾಗಲೆಂದು ಸೂಚಿಸಿದರು. ಗೆದ್ದವರೂ ಔದಾರ್ಯವನ್ನು ತೋರಿ, ಕಾಂಕ್ಲಿಂಗರ ಕಡೆಯ ಚೆಸ್ಟರ್ ಆರ್ಥರರಿಗೆ ಉಪಾಧ್ಯಕ್ಷ ಪದವಿಯ ಉಮೇದುವಾರಿಕೆಯನ್ನು ಕೊಟ್ಟರು. ಫಲವೇನು? ದೇಶದಾದ್ಯಂತ ಜನಮತಗಳ ಅಂತರವು ೧೦,೦೦೦ಕ್ಕೂ ಕಡಿಮೆಯಾಗಿದ್ದ ಆ ಚುನಾವಣೆಯಲ್ಲಿ ಕಾಂಕ್ಲಿಂಗರ ಮತ್ತು ಆರ್ಥರರ ನ್ಯೂಯಾರ್ಕ್ ಸಂಸ್ಥಾನವು ತನ್ನ ೩೫ ನಿರ್ವಾಚಕ ಮತಗಳನ್ನು ಗಾರ್ಫೀಲ್ಡರಿಗೆ ಕೊಟ್ಟಿತು. ಅವಿಲ್ಲದಿದ್ದರೆ ಅವರು ಸೋಲುತ್ತಿದ್ದರು. ಆದರೆ ೧೮೮೧ರಲ್ಲಿ ಅಧಿಕಾರಗಳ ಹಂಚಿಕೆಯಲ್ಲಿ ಅದೇ ಜಗಳವು ಮರುಕಳಿಸಿತೆಂಬುದನ್ನೂ ಮರೆಯಬಾರದು. ಪದವಿಗಳನ್ನು ಹಂಚಿ ತಂದ ಐಕ್ಯದ ಆಯುಷ್ಯವು ಪದವಿಗಳು ಮುಗಿಯುವ ವರೆಗೆ ಮಾತ್ರ.

ಇದಕ್ಕಿಂತ ಮೇಲಾದದ್ದು ೨೦೦೮ರ ಡೆನ್ವರ್ ನಗರದ ದೃಶ್ಯ. ಅಷ್ಟು ಹೊತ್ತಿಗೆ ಅಧಿವೇಶನಗಳ ಸ್ವರೂಪವೇ ಬದಲಾಗಿತ್ತು. ೧೯೬೮ರಲ್ಲಿ ಪ್ರಾಥಮಿಕ ಚುನಾವಣೆಗಳಿಗೆ ನಿಲ್ಲದ ಹಂಫ್ರಿಯವರನ್ನು ಡೆಮೊಕ್ರಾಟಿಕ್ ಮುಖಂಡರು ಆರಿಸಿ ಸೋತ ಬಳಿಕ ನಿಯಮಗಳನ್ನು ತಿದ್ದಲಾಯಿತು. ೧೯೭೨ರಿಂದೀಚೆಗೆ ಹೆಚ್ಚಿನ ಪ್ರತಿನಿಧಿಗಳು ಮತದಾರರ ತೀರ್ಪನ್ನು ಹೊತ್ತುಕೊಂಡೇ ಬರುತ್ತಾರೆ. ಲೆಕ್ಕವು ಮೊದಲೇ ಮುಗಿದಿರುತ್ತದೆ. ಮನಸ್ಸು ಮಾತ್ರ ಉಳಿದಿರುತ್ತದೆ. ತಿಂಗಳುಗಟ್ಟಲೆ ಸಮಸಮವಾಗಿ ಹೋರಾಡಿ ಸೋತಿದ್ದ ಹಿಲರಿ ಕ್ಲಿಂಟನ್ನರು ಆಗಸ್ಟ್ ೨೭ರಂದು, ನ್ಯೂಯಾರ್ಕಿನ ಸರದಿ ಬಂದಾಗ, ತಮ್ಮ ಪ್ರತಿನಿಧಿಗಳ ನಡುವೆ ನಿಂತು, ಮತಗಣನೆಯನ್ನು ನಿಲ್ಲಿಸಿ ಒಬಾಮಾರವರನ್ನು ಒಕ್ಕೊರಲಿನಿಂದ ಆರಿಸೋಣವೆಂದು ಸೂಚಿಸಿದರು. ಅವರ ಹೆಸರನ್ನೂ ಸಭೆಯ ಮುಂದಿಟ್ಟು, ಅವರಿಗೆ ಬಂದ ಮತಗಳನ್ನೂ ಎಣಿಸತೊಡಗಿದ್ದರಿಂದಲೇ ಆ ಸೂಚನೆಗೆ ಬೆಲೆ ಬಂದಿತು. ಮಾನವುಳಿದವರು ಮಾತ್ರ ದಾನ ಮಾಡಬಲ್ಲರು.

೨೦೨೪ರಲ್ಲಿ ಅದೇ ಪಕ್ಷದ ಪ್ರತಿನಿಧಿಗಳು ಕೆಲವೇ ದಿನಗಳಲ್ಲಿ ಒಂದಾಗಲಿಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಜುಲೈ ೨೧ರಂದು ಅಧ್ಯಕ್ಷ ಬೈಡನ್ನರು ಸ್ಪರ್ಧೆಯಿಂದ ಹಿಂದೆ ಸರಿದರು. ಆಗಸ್ಟ್ ಮೊದಲ ವಾರದೊಳಗಾಗಿ ಕಮಲಾ ಹ್ಯಾರಿಸರ ಉಮೇದುವಾರಿಕೆಯು ಸ್ಥಿರವಾಯಿತು. ಶಿಕಾಗೋ ಅಧಿವೇಶನದಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆದರೆ ನವೆಂಬರದಲ್ಲಿ ಅವರಿಗೆ ೨೨೬, ಟ್ರಂಪರಿಗೆ ೩೧೨ ನಿರ್ವಾಚಕ ಮತಗಳು ಬಂದವು. ಆ ಸೋಲಿಗೆ ಕಾರಣಗಳು ಅನೇಕ. ಒಂದನ್ನೇ ಹಿಡಿದು ವಾದಿಸುವದು ನ್ಯಾಯವಲ್ಲ. ಇಷ್ಟು ಮಾತ್ರ ಸ್ಪಷ್ಟ: ಸ್ಪರ್ಧೆಯೇ ಇಲ್ಲದಲ್ಲಿ ಸೋತವರಿರುವದಿಲ್ಲ, ಸೋತವರಿಲ್ಲದಲ್ಲಿ ಐಕ್ಯದ ಪರೀಕ್ಷೆಯೂ ಆಗುವದಿಲ್ಲ. ಸಭಾಗೃಹದ ಒಮ್ಮತವೇ ದೇಶದ ಒಮ್ಮತವೆಂದು ತಿಳಿಯುವದು ದೊಡ್ಡ ಭ್ರಮೆ.

ಆದುದರಿಂದ ಪ್ರಜಾಸತ್ತೆಯನ್ನು ನಂಬಿದವರು ಒಗ್ಗಟ್ಟಿನ ಹೆಸರಿನಲ್ಲಿ ಭಿನ್ನಮತದ ಬಾಯಿಯನ್ನು ಮುಚ್ಚಿಸಬಾರದು. ವಾದವು ಬಹಿರಂಗವಾಗಿ ನಡೆಯಲಿ. ಮತಗಳು ಪ್ರಾಮಾಣಿಕವಾಗಿ ಎಣಿಸಲ್ಪಡಲಿ. ತಕರಾರುಗಳನ್ನು ನಿಷ್ಪಕ್ಷಪಾತಿಗಳು ಕೇಳಲಿ. ಆಮೇಲೆ ಸೋತವರು ಹಟವನ್ನು ಬಿಡುವದು ಧರ್ಮ, ಗೆದ್ದವರು ಗರ್ವವನ್ನು ಬಿಡುವದೂ ಧರ್ಮ. ಬಹುಮತವು ಉಮೇದುವಾರನನ್ನು ಕೊಡಬಲ್ಲದು. ಪಕ್ಷವನ್ನು ಕೊಡಬಲ್ಲವರು ಸೋತವರೇ.