ಮಹಾವೀರಾಚಾರ್ಯರ ಕೊರಳ ಹಾರ

ಪರಿಗಿಯ ರೈತನಿಗೆ ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಸಾವಿರ, ಲಕ್ಷದ ಲೆಕ್ಕ ಬಂದರೆ ಸಾಕು. ಕೋಟಿಯ ಮಾತು ಸಾಹುಕಾರರಿಗೆ ಬಿಟ್ಟದ್ದು. ಆದರೆ ಇದೇ ಸೀಮೆಯ ಹೇಮಾವತಿಯಲ್ಲಿ, ಅಂದರೆ ಆಗಿನ ಹೆಂಜೇರಿನಲ್ಲಿ, ನೊಳಂಬರು ಆಳುತ್ತಿದ್ದ 9ನೇ ಶತಮಾನದಲ್ಲಿ ಕನ್ನಡ ನಾಡಿನ ಜೈನ ಪಂಡಿತರೊಬ್ಬರು ಕೋಟಿಯನ್ನೂ ದಾಟಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ಅವರೇ ಮಹಾವೀರಾಚಾರ್ಯ. ಆರಂಭದಲ್ಲೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುವ ಅವರ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’.

ಅದರಲ್ಲಿ ಗುಣಾಕಾರ ಕಲಿಸುವಾಗ ಅವರು ಕೊಡುವ ಕೆಲವು ಲೆಕ್ಕಗಳ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅವನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಒಂದನ್ನು ನೋಡಿ: 2,79,94,681ನ್ನು 441ರಿಂದ ಗುಣಿಸಿದರೆ 12,34,56,54,321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕಿದ ಸಂಖ್ಯೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ.

ಗುಟ್ಟು ಏನು? 441 ಎಂದರೆ 21ರ ವರ್ಗ. 2,79,94,681 ಎಂದರೆ 5,291ರ ವರ್ಗ. 21ನ್ನು 5,291ರಿಂದ ಗುಣಿಸಿದರೆ 1,11,111. ಹಾಗಾಗಿ ಈ ಹಾರ ಆರು ಒಂದುಗಳ ವರ್ಗವೇ. ಕಾಗದದ ಮೇಲೆ ಗುಣಿಸಿ ನೋಡಿ: ಆರು ಒಂದುಗಳ ಸಾಲು ಆರು ಸಲ, ಪ್ರತಿ ಸಾಲೂ ಒಂದು ಮನೆ ಎಡಕ್ಕೆ. ಕೂಡಿಸಿದಾಗ ಯಾವ ಮನೆಯಲ್ಲೂ ಮೊತ್ತ ಆರನ್ನು ಮೀರದು, ದಶಕ ಉಳಿಯುವ ಪ್ರಶ್ನೆಯೇ ಇಲ್ಲ. ಒಂಬತ್ತು ಒಂದುಗಳವರೆಗೂ ಈ ಆಟ ನಡೆಯುತ್ತದೆ. ಹತ್ತಾದರೆ ನಡುವಿನ ಮನೆಯಲ್ಲಿ ಹತ್ತು ಬಂದು, ದಶಕ ಎಡಕ್ಕೆ ಸರಿದು, ಹಾರ ಹರಿಯುತ್ತದೆ: 1234567900987654321.

ಇನ್ನೂ ಒಳಗೆ ಹೋದರೆ, 1,11,111ರಲ್ಲಿ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳಿವೆ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ ಬರುವುದರಿಂದ, ಹಾರವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಮಹಾವೀರರ ಲೆಕ್ಕದಲ್ಲಿ 3, 7 ಒಂದು ಕಡೆಗೆ, ಉಳಿದ ಮೂರು ಇನ್ನೊಂದು ಕಡೆಗೆ ಹೋಗಿವೆ. ಹಾಗಾಗಿ ಪ್ರಶ್ನೆಯಲ್ಲಿ ಉತ್ತರದ ಸುಳಿವೇ ಸಿಗುವುದಿಲ್ಲ. ಇದು ಕುರುಡು ಅದೃಷ್ಟದಿಂದ ಸಿಗುವ ಲೆಕ್ಕವಲ್ಲ.

ಈ ಗ್ರಂಥವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಕನ್ನಡ, ತೆಲುಗು ಎರಡೂ ಬೆರೆತ ಹಿಂದೂಪುರದ ಈ ಗಡಿಸೀಮೆಗೆ ಇದು ಎರಡು ಕಡೆಯಿಂದಲೂ ಬಂದ ಆಸ್ತಿ. ದೊಡ್ಡ ಸಂಖ್ಯೆಯ ಹಿರಿಮೆ ಅದರ ಉದ್ದದಲ್ಲಿಲ್ಲ, ಬಿಡಿಸಿದಾಗ ಒಳಗೆ ಕಾಣುವ ಕಟ್ಟಿನಲ್ಲಿದೆ. ಕ್ಯಾಲ್ಕುಲೇಟರು ಉತ್ತರ ಕೊಡುತ್ತದೆ, ಕಟ್ಟನ್ನು ತೋರಿಸುವುದಿಲ್ಲ. ಗಡಿ ಶಾಲೆಗಳ ಮೇಷ್ಟ್ರುಗಳು ಈ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಯಿಂದಲೇ ಮಾಡಿಸಲಿ.