‘ತಡೆಯಿರಿ’ ಎನ್ನಬೇಕಿದ್ದ ಹೊತ್ತು

ಅಮೆರಿಕದ ಗಗನಯಾತ್ರಿ ಜಿಮ್ ಲೊವೆಲ್ 2025ರ ಆಗಸ್ಟ್ 7ರಂದು ತಮ್ಮ 97ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾನು ಓದಿದ ಶ್ರದ್ಧಾಂಜಲಿಗಳೆಲ್ಲ ಒಂದೇ ಕತೆಯನ್ನು ಹೇಳಿದವು. ಚಂದ್ರನತ್ತ ಹೊರಟಿದ್ದ ಅಪೊಲೊ-13ರ ಆಮ್ಲಜನಕದ ಟ್ಯಾಂಕ್ ನಡುದಾರಿಯಲ್ಲಿ ಸಿಡಿದದ್ದು, ಮೂವರು ಯಾತ್ರಿಗಳು ಸಾವಿನೊಡನೆ ಸೆಣಸಿ ಮರಳಿದ್ದು. 1995ರ ಹಾಲಿವುಡ್ ಚಿತ್ರದ ದೆಸೆಯಿಂದ ಈ ಸಾಹಸ ನಮ್ಮಲ್ಲಿಯೂ ಪರಿಚಿತ. ಆದರೆ ಐದು ವರ್ಷಗಳ ಅನಂತರ, ಸಾಹಸದ ಬಿಸಿ ಆರಿದ ಮೇಲೆ, ಅದೇ ಲೊವೆಲ್ ಬರೆದ ಒಂದು ಮಾತನ್ನು ಹೆಚ್ಚಿನವರು ಮರೆತಿದ್ದರು. ನಮ್ಮದೇ ನೌಕೆಯಲ್ಲಿ ನಮ್ಮವರು ಏರಲು ಸಜ್ಜಾಗುತ್ತಿರುವ ಈ ಹೊತ್ತಿನಲ್ಲಿ ನೆನೆಯಬೇಕಾದುದು ಆ ಮಾತನ್ನೇ ಎಂದು ನನಗೆ ಅನ್ನಿಸುತ್ತದೆ.

ಲೊವೆಲ್ ಸಾಮಾನ್ಯ ಯಾತ್ರಿಯಲ್ಲ. 1965ರ ಡಿಸೆಂಬರಿನಲ್ಲಿ ಫ್ರಾಂಕ್ ಬೋರ್ಮನ್ ಜೊತೆ ಜೆಮಿನಿ-7ರಲ್ಲಿ ಅವರು ಸುಮಾರು 14 ದಿನ ಕಳೆದರು. ಆ ಕೋಣೆ ಪುಟ್ಟ ಕಾರೊಂದರ ಮುಂದಿನ ಆಸನಗಳಷ್ಟೇ ಇಕ್ಕಟ್ಟು. 1968ರ ಕ್ರಿಸ್‌ಮಸ್ ಹೊತ್ತಿಗೆ ಅಪೊಲೊ-8ರಲ್ಲಿ ಚಂದ್ರನನ್ನು ಸುತ್ತಿದ ಮೊದಲ ಮೂವರು ಮನುಷ್ಯರಲ್ಲಿ ಅವರೂ ಒಬ್ಬರು. ಎರಡು ಬಾರಿ ಚಂದ್ರನ ಬಳಿಗೆ ಹೋಗಿಯೂ ಅದರ ನೆಲ ಮೆಟ್ಟಲಿಲ್ಲ.

ಆ ಟ್ಯಾಂಕಿನ ಚರಿತ್ರೆ ಸ್ವಾರಸ್ಯಕರ, ಅಷ್ಟೇ ಭಯಾನಕ. ಅದು ಮೊದಲು ಅಪೊಲೊ-10ಕ್ಕೆಂದು ಜೋಡಿಸಿದ್ದು. ಮಾರ್ಪಾಡಿಗೆಂದು ತೆಗೆಯುವಾಗ ಸುಮಾರು ಎರಡು ಅಂಗುಲ ಎತ್ತರದಿಂದ ಕೆಳಗೆ ಬಿತ್ತು. ಹೊರನೋಟಕ್ಕೆ ಏನೂ ಆಗಿರಲಿಲ್ಲ. ಪರೀಕ್ಷಿಸಿ ಅಪೊಲೊ-13ಕ್ಕೆ ಕೂರಿಸಿದರು. ಟ್ಯಾಂಕಿನೊಳಗಿನ ಹೀಟರನ್ನು ಕಾಯುವ ಥರ್ಮೋಸ್ಟಾಟ್ 28 ವೋಲ್ಟ್‌ಗೆಂದು ತಯಾರಾದದ್ದು. ಉಡಾವಣಾ ಕಟ್ಟೆಯಲ್ಲಿ ಮಾತ್ರ 65 ವೋಲ್ಟ್ ವಿದ್ಯುತ್ ಹರಿಸುವ ಪದ್ಧತಿ ಬಂದಿತ್ತು. ಈ ಬದಲಾವಣೆಗೆ ತಕ್ಕಂತೆ ಆ ಪುಟ್ಟ ಸ್ವಿಚ್ಚನ್ನು ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. 1970ರ ಮಾರ್ಚಿನ ಪೂರ್ವತಾಲೀಮಿನ ಬಳಿಕ ಟ್ಯಾಂಕಿನಲ್ಲಿದ್ದ ದ್ರವ ಆಮ್ಲಜನಕ ಎಂದಿನಂತೆ ಖಾಲಿಯಾಗಲಿಲ್ಲ. ಹೀಟರ್ ಹಚ್ಚಿ ಕುದಿಸಿ ಹೊರಹಾಕುವುದೆಂದು ತೀರ್ಮಾನವಾಯಿತು. ತಾಸುಗಟ್ಟಲೆ ಕಾದ ಹೀಟರನ್ನು ಥರ್ಮೋಸ್ಟಾಟ್ ನಿಲ್ಲಿಸಬೇಕಿತ್ತು. 65 ವೋಲ್ಟಿನ ಹೊಡೆತಕ್ಕೆ ಅದು ಬೆಸೆದುಕೊಂಡುಬಿಟ್ಟಿತ್ತು. ಉಷ್ಣಮಾಪಕದ ಮುಳ್ಳು 27 ಡಿಗ್ರಿ ಸೆಲ್ಸಿಯಸ್ ದಾಟಿ ತೋರಿಸುವಂತೆಯೇ ಇರಲಿಲ್ಲವಾಗಿ ಒಳಗಿನ ತಂತಿಗಳ ಹೊದಿಕೆ ಸುಟ್ಟದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಏಪ್ರಿಲ್ 13ರ ರಾತ್ರಿ, ಭೂಮಿಯಿಂದ ಸುಮಾರು 3.2 ಲಕ್ಷ ಕಿಲೋಮೀಟರ್ ದೂರದಲ್ಲಿ, ಆ ತಂತಿಗಳು ಕಿಡಿ ಕಾರಿದವು.

ಹೀಟರ್ ಹಚ್ಚುವ ಮುನ್ನ ಲೊವೆಲ್ ಅವರನ್ನೂ ಕೇಳಿದ್ದರು. ಟ್ಯಾಂಕ್ ಬದಲಿಸಿದರೆ ದಿನಗಳು ಹಿಡಿಯುತ್ತವೆ, ಉಡಾವಣೆ ಒಂದು ತಿಂಗಳು ಮುಂದಕ್ಕೆ ಹೋಗಬಹುದು. ಅವರು ಒಪ್ಪಿದರು. 1975ರಲ್ಲಿ ನಾಸಾ ಹೊರತಂದ ಸಂಕಲನದಲ್ಲಿ ಅವರು ಇದನ್ನು ಬಚ್ಚಿಡದೆ ಬರೆದರು: ಅಂದು ತಾವು ‘ತಡೆಯಿರಿ’ ಎನ್ನಬೇಕಿತ್ತು, ಎನ್ನಲಿಲ್ಲ, ಆದುದರಿಂದ ಈ ವೈಫಲ್ಯದ ಹೊಣೆಯಲ್ಲಿ ಅನೇಕರೊಡನೆ ತಮಗೂ ಪಾಲಿದೆ. ಜಗತ್ತು ವೀರನೆಂದು ಹೊತ್ತು ಮೆರೆಸುತ್ತಿದ್ದ ವ್ಯಕ್ತಿ ಹಾಗೆ ಬರೆಯಬೇಕಾದ ಒತ್ತಾಯವೇನೂ ಇರಲಿಲ್ಲ.

ಆ ದಶಕದ ಆತುರಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1967ರ ಜನವರಿ 27ರಂದು ನೆಲದ ಮೇಲಿನ ತಾಲೀಮಿನಲ್ಲೇ ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫೀ ಬೆಂಕಿಗೆ ಬಲಿಯಾದರು. ಶುದ್ಧ ಆಮ್ಲಜನಕ ತುಂಬಿದ್ದ ಕೋಣೆಯ ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಮೂರು ತಿಂಗಳೊಳಗೆ ಸೋವಿಯತ್ ಯಾತ್ರಿ ವ್ಲಾದಿಮಿರ್ ಕೊಮರೋವ್ ಸೊಯುಜ್-1ರ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಮಡಿದರು. ಇನ್ನೊಂದು ಸಾವು ಹೆಚ್ಚು ಕಾಡುವಂಥದು. ಗಗಾರಿನ್ ಹಾರಾಟಕ್ಕೆ 20 ದಿನ ಮೊದಲು, 1961ರ ಮಾರ್ಚ್ 23ರಂದು, 24 ವರ್ಷದ ವಲೆಂತಿನ್ ಬೊಂದರೆಂಕೊ ಆಮ್ಲಜನಕ ಹೆಚ್ಚಾಗಿದ್ದ ತರಬೇತಿ ಕೋಣೆಯಲ್ಲಿ ಬೆಂಕಿಗೆ ಸಿಲುಕಿ ಸತ್ತರು. ಸೋವಿಯತ್ ಒಕ್ಕೂಟ ಆ ಸುದ್ದಿಯನ್ನು 1986ರವರೆಗೆ ಮುಚ್ಚಿಟ್ಟಿತು. ಅದು ಆಗಲೇ ಹೊರಬಿದ್ದಿದ್ದರೆ ಅಮೆರಿಕದ ಆ ಮೂವರು ಬದುಕುತ್ತಿದ್ದರೇ? ಹೇಳಲಾಗದು. ಆಮ್ಲಜನಕದ ಅಪಾಯ ಅಮೆರಿಕನ್ನರಿಗೂ ತಿಳಿದದ್ದೇ ಆಗಿತ್ತು. ಆದರೂ ಒಂದು ಹೆಣ ಕಣ್ಣ ಮುಂದಿದ್ದಾಗ ವಾದದ ತೂಕವೇ ಬೇರೆ.

ಈಗ ನಮ್ಮ ಗಗನಯಾನದ ಮಾತು. 2018ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಿಸಿದಾಗ 2022ರೊಳಗೆ ಭಾರತೀಯರು ನಮ್ಮದೇ ನೌಕೆಯಲ್ಲಿ ಹಾರಬೇಕಿತ್ತು. 2025ರಲ್ಲಿ ಇಸ್ರೋ ಹೇಳಿದ ಗಡುವು 2027. ವಿಳಂಬವನ್ನು ಗೇಲಿ ಮಾಡುವವರ ಸಾಲಿನಲ್ಲಿ ನಾನಿಲ್ಲ. ತಡೆಯಿರಿ ಎನ್ನುವ ಎದೆಗಾರಿಕೆ ನಮ್ಮವರಿಗೆ ಇದೆ ಎಂಬುದಕ್ಕೆ ಪುರಾವೆಯೂ ಸಿಕ್ಕಿದೆ. ಶುಭಾಂಶು ಶುಕ್ಲಾ 2025ರ ಜೂನ್ 11ರಂದು ಏರಬೇಕಿದ್ದ ಅಮೆರಿಕದ ಫಾಲ್ಕನ್ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡುಬಂದಿತ್ತು. ಅದನ್ನು ಪೂರ್ತಿ ಸರಿಪಡಿಸಲೇಬೇಕೆಂದು ಭಾರತದ ತಂಡ ಪಟ್ಟು ಹಿಡಿದ ಸಂಗತಿಯನ್ನು ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಬಹಿರಂಗವಾಗಿಯೇ ಹೇಳಿದರು. ಶುಕ್ಲಾ ಹಾರಿದ್ದು ಜೂನ್ 25ರಂದು.

ನನ್ನ ಅಸಮಾಧಾನ ಇರುವುದು ಬೇರೆಡೆ. 2025ರ ಮೇ 18ರಂದು ಪಿಎಸ್ಎಲ್‌ವಿ-ಸಿ61 ತನ್ನ ಮೂರನೆಯ ಹಂತದಲ್ಲಿ ವಿಫಲವಾಯಿತು. ತನಿಖಾ ಸಮಿತಿ ರಚನೆಯಾಯಿತು. ಅದರ ವರದಿ ಜನರ ಮುಂದೆ ಬರುವ ಮೊದಲೇ 2026ರ ಜನವರಿಯಲ್ಲಿ ಸಿ62 ಏರಿತು. ಅದೂ ಮೂರನೆಯ ಹಂತದಲ್ಲಿಯೇ ಎಡವಿತು. ಇದೇ ಇಸ್ರೋ 2021ರ ಜಿಎಸ್ಎಲ್‌ವಿ ವೈಫಲ್ಯದ ಕಾರಣಗಳನ್ನು ಪ್ರಕಟಿಸಿತ್ತು ಎಂಬುದನ್ನು ನೆನೆದರೆ ಈ ಮೌನ ಇನ್ನಷ್ಟು ವಿಚಿತ್ರವಾಗಿ ತೋರುತ್ತದೆ. ಗಗನಯಾನಕ್ಕೆ ಬಳಸುವ ರಾಕೆಟ್ ಬೇರೆ, ಎಲ್‌ವಿಎಂ-3, ಎಂಬ ಸಮಾಧಾನ ಹೇಳಬಹುದು. ನಿಜ. ಆದರೆ ಅದನ್ನು ಪರೀಕ್ಷಿಸಿ ಸಹಿ ಹಾಕುವ ಸಂಸ್ಥೆ ಒಂದೇ.

ಅಪೊಲೊ-13ರ ತನಿಖಾ ಮಂಡಳಿ ಕೆಲಸ ಮುಗಿಸಲು ತೆಗೆದುಕೊಂಡದ್ದು ಸುಮಾರು ಎರಡು ತಿಂಗಳು. ನೀಲ್ ಆರ್ಮ್‌ಸ್ಟ್ರಾಂಗ್ ಅದರ ಸದಸ್ಯರಾಗಿದ್ದರು. ಬಿದ್ದ ಟ್ಯಾಂಕು, 28 ವೋಲ್ಟಿನ ಸ್ವಿಚ್ಚು, ತಪ್ಪಿಹೋದ ತಪಾಸಣೆ ಎಲ್ಲವೂ 1970ರ ಜೂನ್ ವೇಳೆಗೆ ಯಾರು ಬೇಕಾದರೂ ಓದಬಹುದಾದ ವರದಿಯಲ್ಲಿದ್ದವು. ಶೀತಲ ಸಮರದ ನಟ್ಟನಡುವೆ, ಎದುರಾಳಿಯೂ ಓದುತ್ತಾನೆಂದು ತಿಳಿದೇ ಪ್ರಕಟಿಸಿದ್ದು ಅದು. ನಮ್ಮ ನಾಲ್ವರು ವಾಯುಪಡೆ ಅಧಿಕಾರಿಗಳ ಹೆಸರನ್ನು 2024ರಲ್ಲಿ ದೇಶಕ್ಕೆ ತಿಳಿಸಲಾಗಿದೆ. ಅವರಲ್ಲಿ ಯಾರೇ ಮೊದಲು ಏರಲಿ, ಅದಕ್ಕೆ ಮುನ್ನ ನಡೆಯುವ ಮಾನವರಹಿತ ಹಾರಾಟಗಳ ವರದಿಗಳನ್ನು, ಅವುಗಳಲ್ಲಿ ಕಂಡ ದೋಷಗಳ ಸಮೇತ, ಸಂಸತ್ತಿನ ಮುಂದಿಡುವುದಾಗಿ ಇಸ್ರೋ ಈಗಲೇ ಮಾತು ಕೊಡಲಿ.