‘ಹಾಲು ಸಾಲದು’ ಎಂದವರು ಯಾರು?



ಕಳೆದ ಆಗಸ್ಟಿನ ಮೊದಲ ವಾರ, ಸ್ತನ್ಯಪಾನ ಸಪ್ತಾಹದ ಹೆಸರಿನಲ್ಲಿ, ನಮ್ಮ ತಾಲ್ಲೂಕಿನ ಒಂದು ಸ್ತ್ರೀಶಕ್ತಿ ಸಂಘದವರು ನನ್ನನ್ನು ಸಭೆಗೆ ಕರೆದಿದ್ದರು. ಗೋಡೆಯ ಮೇಲೊಂದು ಭಿತ್ತಿಚಿತ್ರ. ಅದರಲ್ಲಿ ಮೈಕೈ ತುಂಬಿಕೊಂಡ, ಕೈತುಂಬ ಬಳೆಯ ತಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಳು. ಅಂದು ಭಾಷಣ ಮಾಡಿದವರು ಆರು ತಿಂಗಳವರೆಗೆ ಕೂಸಿಗೆ ತಾಯಿಹಾಲು ಬಿಟ್ಟು ಒಂದು ತೊಟ್ಟು ನೀರನ್ನೂ ಕೊಡಕೂಡದು ಎಂದರು. ಸರಿಯಾದ ಮಾತು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ‘ಈಗಿನ ತಾಯಂದಿರಿಗೆ ತಿಳಿವಳಿಕೆಯಿಲ್ಲ, ತಾಳ್ಮೆಯಿಲ್ಲ, ಅಂದ ಕೆಡುತ್ತದೆಂದು ಬೇಗ ಹಾಲು ಬಿಡಿಸುತ್ತಾರೆ’ ಎಂದೂ ಸೇರಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬಳು ತಲೆ ತಗ್ಗಿಸಿದಳು. ಮೂರು ತಿಂಗಳ ಕೂಸನ್ನು ನಾದಿನಿಯ ಬಳಿ ಬಿಟ್ಟು ಶುಂಠಿ ಹೊಲದ ಕೂಲಿಗೆ ಹೋಗುವವಳು ಅವಳು. ಅವಳಿಗೆ ಯಾವ ಅಂದದ ಚಿಂತೆ? ಆ ತಗ್ಗಿದ ತಲೆ ನನ್ನನ್ನು ಈ ಲೇಖನ ಬರೆಯಲು ಕೂರಿಸಿದೆ.

ಮೊದಲು ನನ್ನದೇ ಕಥೆ ಹೇಳಿಬಿಡುತ್ತೇನೆ. ನನ್ನ ಮಗಳು ಹುಟ್ಟಿದ್ದು 1987ರಲ್ಲಿ. ಆಗ ನಾನು ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಸಿಕ್ಕಿದ್ದು ಮೂರು ತಿಂಗಳ ರಜೆ. ಅರ್ಧ ಸಂಬಳದ ಮೇಲೆ ಇನ್ನೆರಡು ತಿಂಗಳು ಮುಂದುವರಿಸಬಹುದಿತ್ತು, ಆದರೆ ಮನೆಯಲ್ಲಿ ಒಪ್ಪಲಿಲ್ಲ. ನನ್ನ ಮದುವೆಯಲ್ಲಿ ವರದಕ್ಷಿಣೆ ಕೇಳಲಿಲ್ಲವೆಂದು ನಮ್ಮ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಪ್ರತಿ ತಿಂಗಳು ನಾನು ತಂದು ಕೊಡುತ್ತಿದ್ದ ಸಂಬಳವೇ ಕಂತಿನ ವರದಕ್ಷಿಣೆ ಎಂದು ಅವರಿಗೂ ಹೊಳೆಯಲಿಲ್ಲ, ಎಂ.ಎ. ಮಾಡಿದ ನನಗೂ ಹೊಳೆಯಲಿಲ್ಲ.

ಮಗು ಸಂಜೆ ಹೊತ್ತು ಅತ್ತರೆ ಸಾಕು, ಅತ್ತೆ ‘ಇವಳಿಗೆ ಹಾಲು ಸಾಲದು’ ಎನ್ನುತ್ತಿದ್ದರು. ಬಂದವರ ಎದುರಿಗೂ ಅದೇ ಮಾತು. ಗಂಡ ಮಾತಾಡದೆ ಪೇಟೆಗೆ ಹೋಗಿ ಹಾಲಿನ ಪುಡಿಯ ಡಬ್ಬಿ ತಂದರು. ನಲವತ್ತನೆಯ ದಿನ ಬಾಟಲಿ ಶುರುವಾಯಿತು. ಕಾಲೇಜಿಗೆ ಹೋದ ಮೇಲೆ, ಸಾಲದು ಎಂದಿದ್ದ ಆ ಹಾಲೇ ಹನ್ನೊಂದು ಗಂಟೆಯ ಪಾಠದ ಹೊತ್ತಿಗೆ ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು. ಬಿ.ಎ. ಹುಡುಗರೆದುರು ಪುಸ್ತಕವನ್ನು ಎದೆಗವಚಿಕೊಂಡು ಬೇಡಿಕೆ-ಪೂರೈಕೆಯ ನಿಯಮ ವಿವರಿಸಿದ್ದೇನೆ. ನಾಲ್ಕನೆಯ ತಿಂಗಳಿಗೆ ಹಾಲು ನಿಜಕ್ಕೂ ಬತ್ತಿತು. ಐದನೆಯ ತಿಂಗಳಲ್ಲಿ ಮಗುವಿಗೆ ಬೇಧಿಯಾಗಿ ಮೂರು ದಿನ ಆಸ್ಪತ್ರೆಯಲ್ಲಿತ್ತು. ‘ನಿನ್ನ ಹಾಲು ಕುಡಿದಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಅಲ್ಲಿಯೂ ನನಗೇ ಹೇಳಿದರು!

ಹಾಲು ಹುಟ್ಟುವ ಬಗೆ ನಾನು ಅಂದು ಕಲಿಸುತ್ತಿದ್ದ ಪಾಠದಂತೆಯೇ ಇದೆ. ಬೇಡಿಕೆ ಇದ್ದಷ್ಟು ಪೂರೈಕೆ. ಕೂಸು ಎಷ್ಟು ಸಲ ಚೀಪುತ್ತದೋ ಅಷ್ಟು ಹಾಲು ಹುಟ್ಟುತ್ತದೆ. ರಾತ್ರಿ ಚೀಪಿದರೆ ಇನ್ನೂ ಚೆನ್ನಾಗಿ ಹುಟ್ಟುತ್ತದೆ. ನಡುವೆ ಒಂದು ಬಾಟಲಿ ಕೊಟ್ಟರೆ ಕೂಸು ಆ ಹೊತ್ತು ಚೀಪುವುದಿಲ್ಲ, ಅಷ್ಟು ಹಾಲು ಕಡಿಮೆಯಾಗುತ್ತದೆ, ಕಡಿಮೆಯಾಯಿತೆಂದು ಎರಡನೆಯ ಬಾಟಲಿ ಬರುತ್ತದೆ. ‘ಸಾಲದು’ ಎಂಬ ಮಾತು ಹೀಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಕಾಯಿಲೆಯಿಂದಲೋ ದೇಹದ ಬೇರೆ ತೊಂದರೆಯಿಂದಲೋ ಹಾಲು ನಿಜವಾಗಿ ಕಡಿಮೆ ಇರುವ ತಾಯಂದಿರೂ ಇದ್ದಾರೆ. ಅವರು ಕೆಲವರೇ. ವೈದ್ಯರ ಸಲಹೆಯಂತೆ ಅವರು ಬೇರೆ ಹಾಲು ಕೊಡಲೇಬೇಕು, ಅವರನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಊರಿನ ಅರ್ಧ ಬಾಣಂತಿಯರಿಗೆ ಹಾಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಇನ್ನೊಂದು ವಿಷಯವಿದೆ. ಎದೆಯಲ್ಲಿ ಹಾಲು ಇದ್ದರೂ ಅದು ಇಳಿದು ಬರಬೇಕು. ಹೆದರಿಕೆ, ನೋವು, ದುಃಖ ಅದನ್ನು ತಡೆಯುತ್ತವೆ. ಹಸು ಕಟ್ಟಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬೆದರಿದ ಹಸು ಸೊರೆ ಬಿಡುವುದಿಲ್ಲ. ಅದಕ್ಕೇ ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಗದ್ದಲ ಮಾಡಬೇಡಿ ಎನ್ನುತ್ತೇವೆ. ಹಾಗೆನ್ನುವ ಗಂಡಸೇ ಅಡಿಗೆಮನೆಯಲ್ಲಿ ಬಾಣಂತಿಯ ಮೇಲೆ ಕೈ ಎತ್ತುತ್ತಾನೆ. ಹೊಡೆತ ತಿಂದ ರಾತ್ರಿ ಮಗು ಚೀಪಿ ಚೀಪಿ ಅತ್ತರೆ ಮರುದಿನ ಡಬ್ಬಿ ತರುತ್ತಾರೆ. ಈ ಪತ್ರಿಕೆಯಲ್ಲಿ ಹೊಡೆತದ ಬಗ್ಗೆ ಎಷ್ಟೋ ಬರೆದಿದ್ದೇವೆ, ಅದು ಕೂಸಿನ ಬಾಯಿಂದ ಹಾಲು ಕಸಿಯುತ್ತದೆಂದು ಬರೆದದ್ದು ಕಡಿಮೆ.

ತಿಳಿವಳಿಕೆ ಸಾಲದು ಎಂಬ ಆಪಾದನೆಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ 89 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಗೆ ಹಾಕಿದ ಕೂಸುಗಳು ನೂರಕ್ಕೆ 42 ಮಾತ್ರ. ಡಾಕ್ಟರು, ನರ್ಸು ಸುತ್ತ ನಿಂತಿರುವಾಗ, ಕೂಸನ್ನು ಎತ್ತಿಕೊಳ್ಳಲೂ ಆಗದೆ ಮಲಗಿರುವ ತಾಯಿಯದೇ ಈ ತಪ್ಪು? ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಹೊಟ್ಟೆ ಕೊಯ್ಯಿಸಿಕೊಂಡವಳು ಕೂಡ ಯಾರಾದರೂ ಕೂಸನ್ನು ಪಕ್ಕಕ್ಕೆ ಹಿಡಿದುಕೊಟ್ಟರೆ ಹಾಲೂಡಿಸಬಲ್ಲಳು. ಹಿಡಿದುಕೊಡುವವರಿಲ್ಲದೆ ಕೂಸು ಬೇರೆ ಕೋಣೆಯಲ್ಲಿ ಒಳಲೆಯಿಂದಲೋ ಬಾಟಲಿಯಿಂದಲೋ ಮೊದಲ ಗುಟುಕು ಕುಡಿಯುತ್ತದೆ.

ಮನೆಗಳದ್ದೂ ತಪ್ಪಿದೆ, ನಾನು ಮುಚ್ಚಿಡುವುದಿಲ್ಲ. ಹಸು ಕರು ಹಾಕಿದರೆ ಗಿಣ್ಣು ಮಾಡಿ, ಬೆಲ್ಲ ಏಲಕ್ಕಿ ಹಾಕಿ, ನೆರೆಮನೆಗೂ ಕೊಟ್ಟು ಬಾಯಿ ಚಪ್ಪರಿಸುತ್ತೇವೆ. ನಮ್ಮದೇ ಗಿಣ್ಣುಹಾಲನ್ನು ಹಳದಿಯಾಗಿದೆ, ಕೊಳಕು ಎಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನು ನೆಕ್ಕಿಸುತ್ತೇವೆ, ಸಕ್ಕರೆ ನೀರು ಹನಿಸುತ್ತೇವೆ. ರೋಗ ತಡೆಯುವ ಶಕ್ತಿ ಹೆಚ್ಚಾಗಿ ಇರುವುದು ಆ ಹಳದಿ ಹಾಲಿನಲ್ಲಿ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾದದ್ದೂ ಒಂದೆರಡು ಚಮಚೆಯಷ್ಟೇ, ಎದೆಯಲ್ಲಿರುವುದೂ ಅಷ್ಟೇ. ಬೇಸಿಗೆಯಲ್ಲಿ ನೀರು ಬೇಡವೇ ಎಂದು ಕೇಳುವವರಿಗೆ: ತಾಯಿಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ಇತ್ತ ಬಾಣಂತಿಗೆ ಮಾತ್ರ ಬಾಯಾರಿದರೂ ನೀರು ಕೊಡದೆ, ಸೊಪ್ಪು ತರಕಾರಿ ಬಿಡಿಸಿ, ಒಣ ಅನ್ನ ಸಾರಿನ ಪಥ್ಯ ಹೇಳುತ್ತೇವೆ. ಮೂರು ತಿಂಗಳಿಗೇ ರಾಗಿ ಸರಿ ತಿನ್ನಿಸುವ ಅಜ್ಜಿಯರನ್ನು ಮಾತ್ರ ನಾನು ಬೈಯಲಾರೆ. ನಾಲ್ಕರಿಂದ ಆರು ತಿಂಗಳೊಳಗೆ ಶುರು ಮಾಡಿ ಎಂದು ಅವರಿಗೆ ಹಿಂದೆ ಹೇಳಿದ್ದವರು ಡಾಕ್ಟರುಗಳೇ. ವಿಶ್ವ ಆರೋಗ್ಯ ಸಂಸ್ಥೆ ಪೂರ್ತಿ ಆರು ತಿಂಗಳು ಎಂದು ಗೆರೆ ಎಳೆದದ್ದು 2001ರಲ್ಲಿ. ಆರು ತುಂಬಿದ ಮೇಲೆ ಅದೇ ರಾಗಿ ಸರಿ ಒಳ್ಳೆಯದೇ, ಬೇಳೆ, ಸೊಪ್ಪು, ಮೊಟ್ಟೆಯೂ ಬೇಕು. ಜೊತೆಗೆ ಎರಡು ವರ್ಷದವರೆಗೂ, ಅದಕ್ಕೂ ಮುಂದಕ್ಕೂ ಎದೆಹಾಲು ಕೊಡಬಹುದು.

ಡಬ್ಬಿ ಮಾರುವವರನ್ನು ಬಿಡಲಾದೀತೆ? 1992ರಲ್ಲಿ ಒಂದು ಕಾಯಿದೆ ಬಂತು, 2003ರಲ್ಲಿ ಅದನ್ನು ಬಿಗಿಗೊಳಿಸಿದರು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರಕ್ಕೆ, ಬಾಟಲಿಗೆ ಜಾಹೀರಾತು ಹಾಕುವಂತಿಲ್ಲ, ಪುಕ್ಕಟೆ ಮಾದರಿ ಹಂಚುವಂತಿಲ್ಲ, ಮಗುವಿನ ಚಿತ್ರ ಅಚ್ಚು ಹಾಕುವಂತಿಲ್ಲ, ಆಸ್ಪತ್ರೆಯವರಿಗೆ ಉಡುಗೊರೆ ಕೊಡುವಂತಿಲ್ಲ. ಮೀರಿದರೆ ಸೆರೆವಾಸವೂ ಉಂಟು. ಹೆರಿಗೆ ಆಸ್ಪತ್ರೆಯಿಂದ ಹೊರಡುವಾಗ ನಿಮ್ಮ ಚೀಟಿಯಲ್ಲಿ ಕಾರಣ ಹೇಳದೆ ಡಬ್ಬಿಯ ಹೆಸರು ಬರೆದಿದ್ದರೆ ‘ಏಕೆ?’ ಎಂದು ಕೇಳಿ. ಹಾಗೆ ಕೇಳುವುದು ಜಗಳವಲ್ಲ. ಬೆಲೆ ಹೆಚ್ಚೆಂದು ಡಬ್ಬಿಯನ್ನು ಹದಿನೈದು ದಿನ ಎಳೆಯಲು ಪುಡಿ ಕಡಿಮೆ, ನೀರು ಹೆಚ್ಚು ಹಾಕುವ ಮನೆಗಳು ನಮ್ಮಲ್ಲೇ ಇವೆ. ಆ ನೀರು ಯಾವ ನೀರು, ಆ ಬಾಟಲಿ ಎಷ್ಟು ಸಲ ಕುದಿಯಿತು ಎಂಬುದು ನಿಮಗೂ ಗೊತ್ತು.

ಈಗ ನಾನು ಮುಖ್ಯವೆಂದುಕೊಂಡ ಸಂಗತಿ. ಕೂಸು ಚೀಪುವುದು ದಿನಕ್ಕೆ ಎಂಟು ಹತ್ತು ಸಲ, ಒಂದೊಂದು ಸಲ ಕಾಲು ಗಂಟೆ, ಅರ್ಧ ಗಂಟೆ. ದಿನದಲ್ಲಿ ಮೂರು ನಾಲ್ಕು ಗಂಟೆ ಹಾಲೂಡಿಸುವುದಕ್ಕೇ ಬೇಕು. ಈ ಹೊತ್ತನ್ನು ಅವಳಿಗೆ ಕೊಡುವವರು ಯಾರು? 2017ರಲ್ಲಿ ಹೆರಿಗೆ ರಜೆ 26 ವಾರವಾಯಿತು, ಅಂದರೆ ಸರಿಯಾಗಿ ಆರು ತಿಂಗಳು. ಚೆನ್ನಾಯಿತು. ಆದರೆ ಅದು ಸಂಬಳದ ನೌಕರಿಯವಳಿಗೆ. ಬೀಡಿ ಕಟ್ಟುವವಳಿಗೆ, ಕಳೆ ಕೀಳುವವಳಿಗೆ, ಮನೆಗೆಲಸದವಳಿಗೆ? 2013ರ ಆಹಾರ ಭದ್ರತಾ ಕಾಯಿದೆ ತಾಯಿಗೆ ಕನಿಷ್ಠ 6000 ರೂಪಾಯಿ ಎಂದಿತು. 2017ರ ಯೋಜನೆ ಮೊದಲ ಹೆರಿಗೆಗೆ 5000 ಎಂದಿತು, ಅದೂ ಕಂತಿನಲ್ಲಿ. ಆರು ತಿಂಗಳಿಗೆ ಹಂಚಿ ನೋಡಿ: ದಿನಕ್ಕೆ 28 ರೂಪಾಯಿಯೂ ಇಲ್ಲ. ಇಷ್ಟು ಕೊಟ್ಟು ಕೂಲಿ ಬಿಟ್ಟು ಮನೆಯಲ್ಲಿ ಕೂತು ಹಾಲೂಡಿಸು ಎಂದು ಹೇಳುವ ಸರ್ಕಾರಕ್ಕೆ ನಾಚಿಕೆಯಾಗಬೇಕು. ಅದೇ ವರ್ಷ ನಮ್ಮ ರಾಜ್ಯದಲ್ಲಿ ‘ಮಾತೃಪೂರ್ಣ’ ಶುರುವಾಯಿತು, ಬಾಣಂತಿ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕೆಂದು. ಹೊಸ್ತಿಲು ದಾಟಬಾರದೆಂದು ಕೂರಿಸಿದ ಬಾಣಂತಿ ಹೇಗೆ ಬರಬೇಕು ಎಂದು ಯೋಜನೆ ಬರೆದವರು ಯಾರನ್ನೂ ಕೇಳಿದಂತಿಲ್ಲ. 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1948ರ ಕಾಯಿದೆಯಲ್ಲೇ ಬರೆದಿದ್ದರು. ಆದರೂ ನಮ್ಮ ಹಳ್ಳಿಗಳಿಂದ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ಎಷ್ಟೋ ಹುಡುಗಿಯರು ಕೂಸನ್ನು ಊರಿನ ಅಜ್ಜಿಯ ಮಡಿಲಲ್ಲಿ ಬಿಟ್ಟೇ ಹೋಗಿದ್ದಾರೆ.

ವರದಕ್ಷಿಣೆಯ ಪತ್ರಿಕೆಯಲ್ಲಿ ಹಾಲಿನ ಮಾತೇಕೆ ಎಂದು ನೀವು ಕೇಳಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳನ್ನು ತೊಟ್ಟಿಲು, ಕೂಸಿನ ಕೊರಳಿಗೆ ಸರ, ಅಳಿಯನಿಗೆ ಉಂಗುರ ಎಲ್ಲ ಸಿದ್ಧವಾಗುವವರೆಗೆ ಕರೆಸಿಕೊಳ್ಳುವುದಿಲ್ಲ. ಬಾಣಂತನದ ಖರ್ಚಿಗೇ ಸಾಲ ಮಾಡಿದ ಅಪ್ಪ ಇನ್ನೆಲ್ಲಿಂದ ತಂದಾನು? ಆ ಚಿಂತೆಯಲ್ಲಿ ಅವಳಿಗೆ ಅನ್ನ ಸೇರುತ್ತದೆಯೆ, ನಿದ್ದೆ ಹತ್ತುತ್ತದೆಯೆ? ಹುಟ್ಟಿದ್ದು ಹೆಣ್ಣಾದರೆ ಕೇಳುವುದೇ ಬೇಡ. ನಾನು ಬಲ್ಲ ಒಬ್ಬಳಿಗೆ ಎರಡನೆಯದೂ ಹೆಣ್ಣಾಯಿತು. ಐದನೆಯ ತಿಂಗಳಿಗೆ ಅತ್ತೆ, ‘ಹಾಲು ಬಿಡಿಸು, ಮುಟ್ಟು ಬೇಗ ಬರಲಿ, ಗಂಡು ಬೇಕು’ ಎಂದರು. ಬೇವಿನೆಲೆ ಅರೆದು ಎದೆಗೆ ಹಚ್ಚಿಸಿದರು. ಬರೀ ಎದೆಹಾಲು ಕುಡಿಸುವಾಗ ಮುಟ್ಟು ತಡವಾಗುವುದು ನಿಜ, ಅತ್ತೆಯ ಲೆಕ್ಕ ತಪ್ಪಲ್ಲ. ಹೆಣ್ಣುಕೂಸಿನ ಬಾಯಿಂದ ಕಿತ್ತ ಹಾಲು ಇನ್ನೂ ಹುಟ್ಟದ ಗಂಡಿನ ಲೆಕ್ಕಕ್ಕೆ ಜಮಾ ಆಯಿತು. ಇದು ಒಂದು ಮನೆಯ ಕಥೆಯಲ್ಲ. ಸೀಮಾ ಜಯಚಂದ್ರನ್ ಮತ್ತು ಇಲ್ಯಾನಾ ಕುಝಿಯೆಮ್ಕೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಭಾರತದ ಸಮೀಕ್ಷೆಗಳನ್ನೇ ಬಳಸಿ 2011ರಲ್ಲಿ ಇದನ್ನು ತೋರಿಸಿಕೊಟ್ಟರು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಬೇಗ ಹಾಲು ಬಿಡಿಸುತ್ತಾರೆ, ಗಂಡು ಬೇಕೆಂದು ಮತ್ತೆ ಬಸಿರಾಗುವ ಆತುರ ಅದಕ್ಕೊಂದು ಕಾರಣ. ನನ್ನ ವಿಷಯದವರು ಒಂದು ಉಪಯುಕ್ತ ಕೆಲಸ ಮಾಡಿದ್ದಾರೆಂದು ಅಂದು ನನಗೆ ಹೆಮ್ಮೆಯಾಯಿತು, ಆಮೇಲೆ ಹೊಟ್ಟೆ ಉರಿಯಿತು. ಗಂಡು ಹೆರಲಿಲ್ಲವೆಂದು ಹೀಯಾಳಿಸುವುದನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ದೌರ್ಜನ್ಯವೆಂದೇ ಕರೆಯುತ್ತದೆ. ಅವಳಿಗೆ ಅದನ್ನು ಓದಿ ಹೇಳಿದೆ. ‘ದೂರು ಕೊಟ್ಟರೆ ಎರಡು ಹೆಣ್ಣು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಮೇಡಂ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹೀಗಿರುವಾಗ ತಾಯಿಯನ್ನು ದೇವತೆ ಎಂದು ಹಾಡುವವರೂ, ತಿಳಿವಳಿಕೆಯಿಲ್ಲದವಳು ಎಂದು ಜರೆಯುವವರೂ ನನಗೆ ಒಂದೇ. ಇಬ್ಬರೂ ಭಾರವನ್ನು ಅವಳ ತಲೆಯ ಮೇಲೆಯೇ ಇಳಿಸುತ್ತಾರೆ. ಹಾಲು ಸಾಲದು ಎನ್ನುವ ಮುನ್ನ ಅವಳಿಗೆ ಅನ್ನ ಸಾಲುತ್ತಿದೆಯೆ, ನಿದ್ದೆ, ಹೊತ್ತು, ನೆಮ್ಮದಿ ಸಾಲುತ್ತಿವೆಯೆ ಎಂದು ಗಂಡ ಕೇಳಿದ್ದಾನೆಯೆ?

ಗಂಡ ಬಿಡಿ, ನಾವು ಕೇಳಿದ್ದೇವೆಯೆ? ಅಂದಿನ ಸಭೆಯಲ್ಲಿ ಭಾಷಣದವರು ಹೋದ ಮೇಲೆ ಸಂಘದ ಪುಸ್ತಕ ತೆರೆಸಿ ನೋಡಿದೆ. ಆ ಶುಂಠಿ ಹೊಲದವಳಿಗೆ ಹೆರಿಗೆಯಾದ ವಾರ ಸಭೆಗೆ ಬರಲಿಲ್ಲವೆಂದು ಹತ್ತು ರೂಪಾಯಿ ದಂಡ ಹಾಕಿದ್ದರು! ಹತ್ತು ಜನ ಹೆಂಗಸರು ಕೂತು ಹಾಕಿದ ದಂಡ. ಬಾಣಂತನದಲ್ಲೂ ಸಾಲದ ಕಂತು ತಪ್ಪಿರಲಿಲ್ಲ, ಅದನ್ನು ಕಟ್ಟಲೆಂದೇ ಅವಳು ಕೂಲಿಗೆ ಹೊರಟದ್ದು. ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಹೆತ್ತ ಸದಸ್ಯೆಗೆ ಆರು ತಿಂಗಳು ಅಸಲಿನ ಕಂತು ನಿಲ್ಲಿಸಿ, ದಂಡ ತೆಗೆಯಿರಿ, ಸರದಿಯ ಮೇಲೆ ಒಬ್ಬೊಬ್ಬರು ಮಧ್ಯಾಹ್ನ ಅವಳ ಕೂಸನ್ನು ಹೊಲದ ಬದುವಿಗೆ ಒಯ್ದು ಹಾಲು ಕುಡಿಸಿಕೊಂಡು ಬನ್ನಿ ಎಂದೆ. 2023ರ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ನಿಮ್ಮ ಪಂಚಾಯಿತಿಗೆ ಬಂದಿದೆಯೆ, ಬಂದಿದ್ದರೆ ಬಾಗಿಲು ತೆರೆದಿದೆಯೆ ಎಂದು ಗ್ರಾಮಸಭೆಯಲ್ಲಿ ಕೇಳಿ ಎಂದೂ ಹೇಳಿದೆ.

ದಂಡವನ್ನು ಅಂದೇ ತೆಗೆದರು. ಕೂಸನ್ನು ಬದುವಿಗೆ ಒಯ್ಯಲು ಮೂವರು ಒಪ್ಪಿದರು, ಅವರಲ್ಲಿ ಒಬ್ಬಳು ಅವಳ ಅತ್ತೆ. ಕಂತಿನ ಮಾತಿಗೆ ಮಾತ್ರ ದೊಡ್ಡ ವಾಗ್ವಾದವಾಯಿತು. ‘ನಮಗೆ ಯಾರು ಬಿಟ್ಟಿದ್ದರು?’ ಎಂದು ಐವತ್ತು ದಾಟಿದ ಒಬ್ಬರು ಕೇಳಿದರು. ಅವರ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಇನ್ನೇನೋ ಇತ್ತು. ಆ ತೀರ್ಮಾನವನ್ನು ಮುಂದಿನ ಸಭೆಗೆ ಹಾಕಿದ್ದಾರೆ. ನಾನೂ ಹೋಗುತ್ತೇನೆ.